ತೀರ್ಥದ ಗುಳಿಗೆ

ಚನ್ನಗಿರಿ
12-11-1981

ಅಣ್ಣನಿಗೆ ರುದ್ರಾಣಿಯ ಶರಣು.

ದೀಪಾವಳಿಗೆ ಕಳಿಸಿದ ಸೀರೆ ಬಂದು ತಲುಪಿತು. ಅದರ ಬಣ್ಣ, ಅಂಚಿನ ವಿಷಯ ಇನ್ನೊಮ್ಮೆ ಬರೆಯುತ್ತೇನೆ. ಈಗ ಹೆದರಿಕೆಯಾಗಿ ಬರೆಯಲು ಕೂತಿದ್ದೇನೆ. ಹದಿನಾರು ವರ್ಷದಿಂದ ಧರ್ಮಾಸ್ಪತ್ರೆಯಲ್ಲಿ ಕಾಂಪೌಂಡರ್ ಆಗಿರುವವನು ನೀನು. ನಿನ್ನನ್ನು ಬಿಟ್ಟು ಯಾರನ್ನು ಕೇಳಲಿ?

ನಿನ್ನ ಭಾವನ ರೆಪ್ಪೆಯ ಮೂಲೆಯಲ್ಲಿ ಹಳದಿ ಗುಳ್ಳೆಗಳಿವೆಯಲ್ಲ, ಅವು ನಮ್ಮ ಮಾವನವರಿಗೂ ಇದ್ದವು, ಹೊನ್ನಾಳಿಯ ಷಣ್ಮುಖಪ್ಪ ಭಾವನವರಿಗೂ ಇದ್ದವು. ಅತ್ತೆ ಅದನ್ನು ಲಕ್ಷ್ಮಿಯ ಗುರುತು ಎಂದು ಹೇಳಿಕೊಂಡು ಬಂದಿದ್ದರು. ದಾವಣಗೆರೆಯ ಡಾಕ್ಟರು ಅದನ್ನು ನೋಡಿದವರೇ, "ನಿಮ್ಮ ತಂದೆ ಎಷ್ಟನೇ ವಯಸ್ಸಿಗೆ ಹೋದ್ರು?" ಎಂದರು. ಇವರು ನಲವತ್ನಾಲ್ಕು ಎಂದರು. "ಅಣ್ಣ?" ಎಂದರು. ಅದೂ ನಲವತ್ನಾಲ್ಕೇ. ಇವರಿಗೀಗ ನಲವತ್ಮೂರು ಎಂದು ನಿನಗೆ ಗೊತ್ತಲ್ಲ.

ರಕ್ತ ಪರೀಕ್ಷೆಯಲ್ಲಿ ಕೊಲೆಸ್ಟ್ರಾಲ್ ಎಂಬ ಕೊಬ್ಬು ಮುನ್ನೂರ ನಲವತ್ತೆಂಟು ಬಂತು. ಇನ್ನೂರೈವತ್ತು ದಾಟಬಾರದಂತೆ. ಮೊಟ್ಟೆ ಬಿಡಿ ಎಂದರು. ಹಿಡಿದವರು ತಾನೇ ಬಿಡುವುದು? ಬೆಣ್ಣೆ, ತುಪ್ಪ ಬಿಡಿ ಎಂದರು, ಅದು ಅವತ್ತಿನಿಂದಲೇ ನಿಂತಿದೆ. ಆಮೇಲೆ ನಿಯಾಸಿನ್ ಎಂಬ ಮಾತ್ರೆ ಬರೆದರು. ಅದು ವಿಟಮಿನ್ನೇ, ಆದರೆ ದೊಡ್ಡ ಪ್ರಮಾಣದಲ್ಲಿ ಕೊಟ್ಟರೆ ರಕ್ತದ ಕೊಬ್ಬು ಇಳಿಯುತ್ತದಂತೆ. ದಿನಕ್ಕೆ ಮೂರರಿಂದ ಶುರುಮಾಡಿ ಹತ್ತಕ್ಕೆ ಏರಿಸಬೇಕಂತೆ.

ಅಣ್ಣಾ, ಆ ಮಾತ್ರೆ ನುಂಗಿದ ಕಾಲು ಗಂಟೆಗೆ ಇವರ ಮುಖ ಕೆಂಪಾಗುತ್ತದೆ. ಕಿವಿ, ಕುತ್ತಿಗೆ, ಎದೆ ಎಲ್ಲ ಕೆಂಪು. ಮೈ ಮುಟ್ಟಿದರೆ ಕಾದ ಹೆಂಚು. ಮೊನ್ನೆ ಪೂಜೆ ಮುಗಿಸಿ ಇನ್ನೂ ಮಣೆಯ ಮೇಲೆ ಕೂತಿದ್ದರು, "ರುದ್ರಾಣಿ, ಮೈಯೆಲ್ಲಾ ಬಿಸಿ ಆಗಾಕ್ಹತ್ತೈತೆ, ನೀರು ಕೊಡು" ಎಂದರು. ಹೊನ್ನಾಳಿ ಭಾವ ಸಾಯುವ ಮುಂಚೆ ಅದೇ ಮಾತು ಆಡಿದ್ದು ಎಂದು ಅವರ ಹೆಂಡತಿ ಕಸ್ತೂರಮ್ಮಕ್ಕ ನೂರು ಸಲ ಹೇಳಿದ್ದಾಳೆ. ಅವರೂ ಪೂಜೆಯ ಮಣೆಯ ಮೇಲೇ ಹೋದವರು. ನ್ಯಾಮತಿಯಲ್ಲಿ ಮಾವನವರು ಹೋದದ್ದೂ ಪೂಜೆಗೆ ಕೂತಾಗಲೇ.

ಅತ್ತೆ ಗೋಡೆಗೆ ಒರಗಿ, "ನಮ್ಮನೆ ಗಂಡಸ್ರನ್ನ ಶಿವ ಮಣೆ ಮ್ಯಾಲಿಂದ್ಲೇ ಕರಕಂತಾನೆ" ಎಂದು ಮೆಲ್ಲಗೆ ಅಂದರು. ನನಗೆ ಕೇಳಿಸಲಿ ಎಂದು ಹೇಳಿದ್ದಲ್ಲ, ಆದರೂ ಕೇಳಿಸಿತು.

ಇವರ ಟೈಪಿಂಗ್ ಇನ್‌ಸ್ಟಿಟ್ಯೂಟ್ ಮನೆಯ ಮುಂದಿನ ಕೋಣೆಯಲ್ಲೇ ಇದೆ. ಹುಡುಗಿಯರು ಹೋದ ಮೇಲೆ ಇವರೊಬ್ಬರೇ ಕೋರ್ಟಿನ ಕಾಗದ ಹೊಡೆಯುತ್ತಾರೆ. ಆ ಸದ್ದು ಕೇಳುತ್ತಿದ್ದರೆ ನಾನು ರೊಟ್ಟಿ ಬಡಿಯುತ್ತೇನೆ. ಸದ್ದು ನಿಂತರೆ ಹಿಟ್ಟಿನ ಕೈಯಲ್ಲೇ ಓಡುತ್ತೇನೆ. ಒಮ್ಮೆ ಇವರು ಕಾಗದ ಬದಲಿಸುತ್ತಿದ್ದರು. ಇನ್ನೊಮ್ಮೆ ಮೂಗು ಒರೆಸಿಕೊಳ್ಳುತ್ತಿದ್ದರು. "ನಾನು ಸಾಯಾಕೆ ಮುಂಚೆ ನೀನು ಸಾಯ್ತೀಯ" ಎಂದು ನಕ್ಕರು. ನನಗೆ ನಗು ಬರಲಿಲ್ಲ.

ಈ ಮಾತ್ರೆ ಉಳಿಸುತ್ತದೆಯೋ ಒಯ್ಯುತ್ತದೆಯೋ, ಬೇಗ ಬರೆ.

ನಿನ್ನ ತಂಗಿ
ರುದ್ರಾಣಿ

*

ಜಗಳೂರು
20-11-1981

ರುದ್ರಾಣಿಗೆ ಅಣ್ಣನ ಆಶೀರ್ವಾದ.

ನಿನ್ನ ಕಾಗದ ಓದಿ ಮೊದಲು ನಕ್ಕೆ. ಚಿಕ್ಕಂದಿನಲ್ಲಿ ಹಗ್ಗ ಕಂಡು ಹಾವೆಂದು ಕಣಜದ ಮೇಲೆ ಹತ್ತಿದವಳು ನೀನೇ ಅಲ್ಲವೆ? ನಿಯಾಸಿನ್ ಎಂದರೆ ವಿಷವಲ್ಲ ಮಾರಾಯ್ತಿ, ಶುದ್ಧ ವಿಟಮಿನ್. ನಮ್ಮಲ್ಲಿ ಅದನ್ನು ಡಬ್ಬಿಗಟ್ಟಲೆ ಹಂಚುತ್ತೇವೆ.

ಈ ಕಡೆ ಬಡವರು ಮೂರು ಹೊತ್ತೂ ಜೋಳವನ್ನೇ ತಿನ್ನುತ್ತಾರೆ. ಬೇಳೆ, ಹಾಲು ಕಣ್ಣಿಗೆ ಕಾಣದು. ಅಂಥವರಿಗೆ ಪೆಲಾಗ್ರ ಎಂಬ ರೋಗ ಬರುತ್ತದೆ. ಕುತ್ತಿಗೆಗೆ ಸರ ಹಾಕಿದ ಹಾಗೆ ಚರ್ಮ ಸುಟ್ಟು ಕಪ್ಪಾಗಿ ಸುಲಿಯುತ್ತದೆ, ಹೊಟ್ಟೆ ಕೆಡುತ್ತದೆ, ಬಿಟ್ಟರೆ ಬುದ್ಧಿಯೂ ಕೆಡುತ್ತದೆ. ದುರುಗಮ್ಮ ಎಂಬ ಹೆಂಗಸು ತಿಂಗಳಿಗೊಮ್ಮೆ ಏಳು ಮೈಲಿ ನಡೆದು ಬರುತ್ತಾಳೆ. ಮಾತ್ರೆ ಕೊಟ್ಟ ಹದಿನೈದು ದಿನಕ್ಕೆ ಅವಳ ಕುತ್ತಿಗೆ ತಿಳಿಯಾಗುತ್ತದೆ. ಇಷ್ಟು ಜನಕ್ಕೆ ಕೊಟ್ಟಿದ್ದೇನೆ, ಒಬ್ಬರ ಮುಖವೂ ಕೆಂಪಾದದ್ದು ನಾನು ಕಂಡಿಲ್ಲ. ನಿಮ್ಮ ಅಂಗಡಿಯವನು ಹಳೇ ಮಾಲು ಕೊಟ್ಟಿರಬೇಕು.

ಆದ್ದರಿಂದ ನಮ್ಮ ಡಬ್ಬಿಯಿಂದಲೇ ಕಳಿಸುತ್ತಿದ್ದೇನೆ. ಕಂಡಕ್ಟರ್ ಮಲ್ಲೇಶಪ್ಪ ಗುರುವಾರ ದಾವಣಗೆರೆಯಲ್ಲಿ ನಿಮ್ಮ ಚನ್ನಗಿರಿ ಬಸ್ಸಿನವನ ಕೈಗೆ ಕೊಡುತ್ತಾನೆ. ಇದರ ಮೇಲೆ ನಿಯಾಸಿನಮೈಡ್ ಎಂದಿದೆ. ಹೆಸರಿಗೆ ಒಂದು ಬಾಲ ಇದೆ ಅಷ್ಟೇ, ಒಂದೇ ತಾಯಿಯ ಮಕ್ಕಳು. ಡಾಕ್ಟರು ಹೇಳಿದಷ್ಟೇ ಲೆಕ್ಕದಲ್ಲಿ ಕೊಡು. ಅಂಗಡಿಯ ಮಾತ್ರೆ ಎತ್ತಿಡು.

ಭಾವನವರಿಗೆ ಹೇಳು, ನಲವತ್ನಾಲ್ಕು ದಾಟಿಸುವುದು ನನ್ನ ಜವಾಬ್ದಾರಿ ಎಂದು.

ನಿನ್ನ ಅಣ್ಣ
ವಿರೂಪಾಕ್ಷಪ್ಪ

*

ಚನ್ನಗಿರಿ
9-12-1981

ಅಣ್ಣನಿಗೆ ರುದ್ರಾಣಿಯ ಶರಣು.

ನಿನ್ನ ಬಾಯಿಗೆ ಸಕ್ಕರೆ ಹಾಕಬೇಕು. ನಿನ್ನ ಮಾತ್ರೆ ಶುರುವಾಗಿ ಹತ್ತು ದಿನವಾಯಿತು, ಒಂದು ದಿನವೂ ಕೆಂಪಿಲ್ಲ, ಬಿಸಿಯಿಲ್ಲ. ಪೂಜೆ ಮುಗಿಸಿ ತೀರ್ಥ ತೆಗೆದುಕೊಳ್ಳುವಾಗ ಅದರ ಜೊತೆಗೇ ನುಂಗುತ್ತಾರೆ. ಮೊದಲಿನಿಂದಲೂ ಹಾಗೇ. ಪೂಜೆಗೆ ಮುಂಚೆ ಈ ಮನೆಯಲ್ಲಿ ಯಾರೂ ಏನೂ ಬಾಯಿಗೆ ಹಾಕುವುದಿಲ್ಲ. ಪೂಜೆಯಾದ ಮೇಲೆ ಮೊದಲು ಇಳಿಯಬೇಕಾದದ್ದು ತೀರ್ಥ. ಅದರ ಜೊತೆ ಇಳಿದ ಔಷಧಿ ಎರಡು ಪಟ್ಟು ಕೆಲಸ ಮಾಡುತ್ತದೆ ಎಂದು ಅತ್ತೆಯ ನಂಬಿಕೆ.

ಅತ್ತೆ ಈಗ ನಿನ್ನ ಹೆಸರು ಹೇಳಿ ಒಂದು ಬಿಲ್ವಪತ್ರೆ ಹೆಚ್ಚಿಗೆ ಏರಿಸುತ್ತಾರೆ. ನಾನೂ ರೊಟ್ಟಿ ಪೂರ್ತಿ ಬಡಿದು ಮುಗಿಸುತ್ತಿದ್ದೇನೆ.

ಆದರೂ ಒಂದು ಮಾತು, ನಗಬೇಡ. ಮಗಳು ಮಲಗಿದಾಗ ಅವಳ ರೆಪ್ಪೆ ನೋಡುತ್ತೇನೆ. ಒಂಬತ್ತು ವರ್ಷದ ಕೂಸು. ಏನೂ ಇಲ್ಲ. ಆದರೂ ಮಾರನೆಯ ದಿನ ಮತ್ತೆ ನೋಡುತ್ತೇನೆ.

ಈಗ ದಿನಕ್ಕೆ ಹತ್ತಕ್ಕೆ ಏರಿದೆ. ಡಬ್ಬಿ ಬೇಗ ಖಾಲಿಯಾಗುತ್ತದೆ. ಸಂಕ್ರಾಂತಿಯೊಳಗೆ ಇನ್ನಷ್ಟು ಕಳಿಸು.

ನಿನ್ನ ತಂಗಿ
ರುದ್ರಾಣಿ

*

ಜಗಳೂರು
25-2-1982

ರುದ್ರಾಣಿಗೆ ಆಶೀರ್ವಾದ.

ಮೂರನೆಯ ಕಟ್ಟು ಮಲ್ಲೇಶಪ್ಪನ ಕೈಯಲ್ಲಿದೆ. ಸ್ವಲ್ಪ ಜೋಪಾನವಾಗಿ ಬಳಸು. ಇಲ್ಲಿ ಡಬ್ಬಿಯ ತಳ ಕಾಣುತ್ತಿದೆ, ಹೊಸದು ಯುಗಾದಿಯ ನಂತರವೇ ಬರುವುದು.

ನಿನ್ನೆ ದುರುಗಮ್ಮ ಬಂದಿದ್ದಳು. "ಗುಳಿಗೆ ಬಂದೈತಾ ಸ್ವಾಮಿ?" ಎಂದಳು. ಮುಂದಿನ ತಿಂಗಳು ಬಾ ಎಂದೆ. ಹೋದ ತಿಂಗಳೂ ಹಾಗೇ ಹೇಳಿದ್ದೆ. ಅವಳು ಜಗಳ ಆಡಲಿಲ್ಲ, ಕಟ್ಟೆಯ ಮೇಲೆ ಸ್ವಲ್ಪ ಹೊತ್ತು ಕೂತು ಎದ್ದು ಹೋದಳು. ಹೋಗುವಾಗ ದಾರಿ ತಪ್ಪಿ ಆಸ್ಪತ್ರೆಯ ಹಿಂದಕ್ಕೆ ಹೋಗಿದ್ದಳಂತೆ.

ಮಾತ್ರೆ ಎಲ್ಲಿಂದ ಬರುತ್ತದೆ ಎಂದು ಅಲ್ಲಿ ಯಾರಿಗೂ ಹೇಳಬೇಡ.

ವಿರೂಪಾಕ್ಷಪ್ಪ

*

ಚನ್ನಗಿರಿ
2-4-1982

ಅಣ್ಣಾ,

ನಿನ್ನೆ ದಾವಣಗೆರೆಯಲ್ಲಿ ಮತ್ತೆ ರಕ್ತ ಪರೀಕ್ಷೆ ಆಯಿತು. ಮುನ್ನೂರ ಅರವತ್ತೊಂದು.

ಇಳಿದಿಲ್ಲ. ಏರಿದೆ. ನಾಲ್ಕು ತಿಂಗಳು ಹೊತ್ತಿಗೆ ಸರಿಯಾಗಿ ನುಂಗಿಸಿದ್ದೇನೆ, ತುಪ್ಪದ ಪಾತ್ರೆ ಬೋರಲು ಹಾಕಿದ್ದೇನೆ, ಯುಗಾದಿಗೆ ಒಣ ಹೋಳಿಗೆ ಬಡಿಸಿದ್ದೇನೆ.

ಡಾಕ್ಟರು, "ಮುಖ ಕೆಂಪಾಗೋದು ಹೆಂಗೈತೆ?" ಎಂದು ಕೇಳಿದರು. ಇವರು ಖುಷಿಯಿಂದ, "ಅದೆಲ್ಲ ನಿಂತೈತೆ ಸಾರ್" ಎಂದರು. ಡಾಕ್ಟರ ಮುಖ ಬದಲಾಯಿತು. ಮಾತ್ರೆ ತೋರಿಸಿ ಎಂದರು. ನೋಡಿದರು. ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು.

ಇದು ಪೆಲಾಗ್ರಕ್ಕೆ ಕೊಡುವುದು, ಆ ರೋಗಕ್ಕೆ ಎರಡೂ ನಡೆಯುತ್ತವೆ, ಆದರೆ ಕೊಬ್ಬು ಇಳಿಸುವ ಶಕ್ತಿ ನಿಯಾಸಿನ್‌ಗೆ ಮಾತ್ರ ಇದೆ, ಇದಕ್ಕಿಲ್ಲ, ಎಂದರು. ಮುಖ ಕೆಂಪಾಗುವುದು ಆ ಮಾತ್ರೆಯ ಗುಣವಂತೆ. ರಕ್ತನಾಳ ಹಿಗ್ಗಿ ಹಾಗಾಗುತ್ತದೆ, ಅದು ಹೃದಯದ ರೋಗವಲ್ಲವಂತೆ. "ನಾಲ್ಕು ತಿಂಗಳು ನೀವು ಔಷಧಿನೇ ತಗಂಡಿಲ್ಲ ಅಂತ ತಿಳ್ಕಳ್ರಿ" ಎಂದರು.

ಯಾರು ಕೊಟ್ಟರು ಎಂದು ಕೇಳಿದರು. ನಿನ್ನ ಭಾವ ನನ್ನ ಕಡೆ ನೋಡಲಿಲ್ಲ. "ಗೊತ್ತಿದ್ದೋರು" ಎಂದಷ್ಟೇ ಹೇಳಿದರು.

ಆಸ್ಪತ್ರೆಯ ಮೆಟ್ಟಿಲು ಹತ್ತುವಾಗ ಇವರು ಎರಡು ಸಲ ನಿಂತಿದ್ದರು. ಚಪ್ಪಲಿಯ ಪಟ್ಟಿ ಸರಿ ಮಾಡಿಕೊಂಡರು. ಆ ಪಟ್ಟಿ ಸರಿಯಾಗೇ ಇತ್ತು.

ಒಂದೇ ತಾಯಿಯ ಮಕ್ಕಳು ಎಂದು ಬರೆದಿದ್ದೆಯಲ್ಲ ಅಣ್ಣಾ. ನೀನೂ ನಾನೂ ಒಂದೇ ತಾಯಿಯ ಮಕ್ಕಳು. ಬೆಕ್ಕಿಗೆ ಚೆಲ್ಲಾಟ, ಇಲಿಗೆ ಪ್ರಾಣಸಂಕಟ. ನನ್ನ ಕಾಗದ ಓದಿ ನಕ್ಕೆ ಎಂದು ಬರೆದಿದ್ದೆಯಲ್ಲ. ಈಗ ನಗು.

ರುದ್ರಾಣಿ

*

ಚನ್ನಗಿರಿ
30-4-1982

ಅಣ್ಣನಿಗೆ ಶರಣು.

ನಾಲ್ಕು ವಾರವಾದರೂ ನಿನ್ನಿಂದ ಉತ್ತರವಿಲ್ಲ. ಸಿಟ್ಟಿನಲ್ಲಿ ಬರೆದದ್ದನ್ನು ವಾಪಸ್ಸು ತೆಗೆದುಕೊಳ್ಳಲು ಆಗುವುದಿಲ್ಲ, ಅಂಚೆ ಡಬ್ಬಿಗೆ ಹಾಕಿದ್ದು ಹೋಯಿತು. ಆದರೆ ನೀನು ಹೀಗೆ ಸುಮ್ಮನಿದ್ದರೆ ನನಗೆ ಇನ್ನೊಂದು ಭಯ ಹುಟ್ಟುತ್ತದೆ. ಇರುವ ಒಂದೇ ಸಾಕಾಗಿದೆ.

ಮೊದಲಿನ ಮಾತ್ರೆ ಮತ್ತೆ ಶುರುವಾಗಿದೆ. ಡಾಕ್ಟರು ಅವತ್ತು ಇನ್ನೊಂದು ವಿಷಯ ಕೇಳಿದ್ದರು, ಸಿಟ್ಟಿನಲ್ಲಿ ಬರೆಯುವುದು ಬಿಟ್ಟುಹೋಯಿತು. "ಮೊದ್ಲು ಹೆಂಗೆ ತಗಂತಿದ್ರಿ?" ಎಂದರು. ತೀರ್ಥದ ಜೊತೆ, ಬರೀ ಹೊಟ್ಟೆಗೆ, ಮೇಲೆ ಬಿಸಿ ಕಾಫಿ ಎಂದರು ಇವರು. ಡಾಕ್ಟರು ಹಣೆ ಚಚ್ಚಿಕೊಂಡರು. ಚೀಟಿಯಲ್ಲಿ ಊಟದ ನಂತರ ಎಂದು ಬರೆದೇ ಇತ್ತು. ಬರೀ ಹೊಟ್ಟೆಗೆ ಹೋದದ್ದಕ್ಕೇ ಅಷ್ಟು ಕೆಂಪು, ಅಷ್ಟು ಬಿಸಿ ಆದದ್ದಂತೆ. ಆ ಚೀಟಿಯನ್ನು ಇವರೂ ಓದಿದ್ದರು, ನಾನೂ ಓದಿದ್ದೆ. ತೀರ್ಥ ತಪ್ಪಿಸಬೇಕು ಎಂದು ಇಬ್ಬರಿಗೂ ಹೊಳೆಯಲಿಲ್ಲ. ನಿನ್ನೊಬ್ಬನನ್ನೇ ಬೈದು ಏನು ಪ್ರಯೋಜನ.

ಅತ್ತೆಗೆ ಹೇಳುವುದು ಹೇಗೆ ಎಂದು ಎರಡು ದಿನ ಒದ್ದಾಡಿದೆ. ಕಡೆಗೆ ಹೇಳಿದೆ. ಅವರು ವಿಭೂತಿ ಗಟ್ಟಿಯನ್ನು ಕೈಯಲ್ಲಿ ತಿರುಗಿಸಿದರು. ಆಮೇಲೆ, "ತೀರ್ಥ ತಗಂಡು, ರೊಟ್ಟಿ ತಿಂದು, ಆಮ್ಯಾಲೆ ನುಂಗ್ಲಿ. ಶಿವ ಏನು ಗುಳಿಗೆ ಎಣಸ್ಕಂತಾ ಕುಂತಿಲ್ಲ" ಎಂದರು. ಒಳಗೆ ಹೋಗಿ ಅತ್ತರು. ಗಂಡನಿಗೂ ದೊಡ್ಡ ಮಗನಿಗೂ ಯಾರೂ ಇಂಥ ಚೀಟಿ ಬರೆದುಕೊಟ್ಟಿರಲಿಲ್ಲ ಎಂದು ಅತ್ತರು.

ಈಗಲೂ ಕೆಂಪಾಗುತ್ತದೆ, ಮೊದಲಿನಷ್ಟಿಲ್ಲ. ಅರ್ಧ ಗಂಟೆಯಲ್ಲಿ ಇಳಿಯುತ್ತದೆ. ಅದು ಒಳ್ಳೆಯದು ಎಂದು ಡಾಕ್ಟರು ಹೇಳಿದ್ದಾರೆ. ಒಳ್ಳೆಯದು ಎಂದು ನನಗೆ ನಾನೇ ಹೇಳಿಕೊಳ್ಳುತ್ತಾ ಎದುರಿಗೆ ಕೂತಿರುತ್ತೇನೆ. ಎದೆ ಮಾತ್ರ ಮಾತು ಕೇಳುವುದಿಲ್ಲ.

ನಿನ್ನ ಮಾತ್ರೆ ನಾನೂರಕ್ಕೂ ಹೆಚ್ಚು ಉಳಿದಿವೆ. ಮಲ್ಲೇಶಪ್ಪನಿಗೆ ತಲುಪಿಸಲು ಇಲ್ಲಿನ ಬಸ್ಸಿನವನಿಗೆ ಕೊಟ್ಟಿದ್ದೇನೆ. ಆ ಕುತ್ತಿಗೆಯ ಹೆಂಗಸಿಗೆ ಕೊಡು. ಡಬ್ಬಿಯ ತಳ ಕಾಣುತ್ತಿದೆ ಎಂದು ಬರೆದಿದ್ದೆಯಲ್ಲ, ಆ ಕಾಗದವನ್ನು ನಿನ್ನೆ ಮತ್ತೆ ಓದಿದೆ. ಮೊದಲ ಸಲ ಓದುವಾಗ ನನ್ನ ಕಣ್ಣಿಗೆ ನನ್ನ ಗಂಡ ಬಿಟ್ಟು ಬೇರೆ ಯಾರೂ ಕಂಡಿರಲಿಲ್ಲ.

ನಿನ್ನ ತಂಗಿ
ರುದ್ರಾಣಿ

*

ಜಗಳೂರು
6-6-1982

ರುದ್ರಾಣಿಗೆ,

ನಿನ್ನ ಎರಡು ಕಾಗದಗಳೂ ಬಂದವು. ಮೊದಲನೆಯದಕ್ಕೆ ಉತ್ತರ ಬರೆಯಲು ಕೈ ಬರಲಿಲ್ಲ.

ಯುಗಾದಿ ಕಳೆದರೂ ಹೊಸ ಡಬ್ಬಿ ಬಂದಿರಲಿಲ್ಲ. ನಿನ್ನ ಕಟ್ಟು ಬಂದ ದಿನವೇ ಮಾತ್ರೆ ತೆಗೆದುಕೊಂಡು ದುರುಗಮ್ಮನ ಊರಿಗೆ ಹೋದೆ. ಸೈಕಲ್ಲಿನಲ್ಲಿ ಏಳು ಮೈಲಿ ಎಷ್ಟು ದೂರ ಎಂದು ಅವತ್ತು ಗೊತ್ತಾಯಿತು. ಅವಳ ಗಂಡ ಚಿತ್ತಪ್ಪ ಬಾಗಿಲಲ್ಲೇ ಕೂತಿದ್ದ. "ಹಾಸಿಗೆ ಹಿಡಿದು ತಿಂಗ್ಳಾತು ಸ್ವಾಮಿ. ನಮ್ಮ ಗುರುತೇ ಹತ್ತವಲ್ದು" ಎಂದ. ಒಳಗೆ ಹೋದೆ. ಕುತ್ತಿಗೆ ಸುತ್ತ ಸುಟ್ಟ ಚರ್ಮ, ಮೊಣಕೈವರೆಗೆ ಹಾಗೇ. ನನ್ನನ್ನು ನೋಡಿದಳು. "ಅಣ್ಣಾ, ಬಂದ್ಯಾ" ಎಂದಳು.

ಅವಳಿಗೆ ಒಬ್ಬ ಅಣ್ಣ ಇದ್ದನಂತೆ, ಸತ್ತು ಬಹಳ ವರ್ಷವಾಯಿತಂತೆ. ನಾನು ಹೂಂ ಎಂದೆ.

ಲೆಕ್ಕ ಹೇಳುತ್ತೇನೆ ಕೇಳು. ಭಾವನವರು ಒಂದು ದಿನ ನುಂಗಿದ್ದು ಅವಳಿಗೆ ಮೂರು ದಿನಕ್ಕೆ ಆಗುತ್ತಿತ್ತು. ಅವರಿಗೆ ಯಾವ ಕೆಲಸಕ್ಕೂ ಬಾರದ ಮಾತ್ರೆ ಅವಳ ಪ್ರಾಣವಾಗಿತ್ತು. ಬೀಗದಕೈ ನನ್ನ ಸೊಂಟದಲ್ಲಿತ್ತು. ಹದಿನಾರು ವರ್ಷದ ಜಂಬವೂ ಇತ್ತು. ಕೆಂಪಾಗುವುದೇಕೆ ಎಂದು ನಮ್ಮ ಡಾಕ್ಟರನ್ನು ಒಂದು ಮಾತು ಕೇಳಬಹುದಿತ್ತು. ಕೇಳಿದರೆ ಮಾತ್ರೆ ಎಲ್ಲಿಗೆ ಹೋಗುತ್ತಿದೆ ಎಂದು ಹೇಳಬೇಕಾಗುತ್ತಿತ್ತು, ಅದಕ್ಕೇ ಕೇಳಲಿಲ್ಲ. ಇದು ನಿಜ. ಇದನ್ನು ಯಾರಿಗೂ ಹೇಳಿರಲಿಲ್ಲ.

ಈಗ ಹೇಳಿದ್ದೇನೆ. ಡಾಕ್ಟರು ಬೈಯಲಿಲ್ಲ, ಕೈ ಚಾಚಿದರು, ಬೀಗದಕೈ ಕೊಟ್ಟೆ. ನನ್ನನ್ನು ಗಾಯ ಕಟ್ಟುವ ಕೋಣೆಗೆ ಹಾಕಿದ್ದಾರೆ. ಮುಂದೆ ಇಟ್ಟುಕೊಳ್ಳುತ್ತಾರೋ ಕಳಿಸುತ್ತಾರೋ ಗೊತ್ತಿಲ್ಲ. ಮಾಡಿದ್ದುಣ್ಣೋ ಮಹರಾಯ.

ದುರುಗಮ್ಮ ಉಳಿದಳು. ವಾರದಲ್ಲಿ ಗಂಡನ ಗುರುತು ಹಿಡಿದಳು. ಹೋದ ಮಂಗಳವಾರ ಎದ್ದು ಹಟ್ಟಿಯ ಮುಂದೆ ಕೂತಿದ್ದಳು. ಆದರೆ ಮಾತ್ರೆ ಕೈಗೆ ಕೊಟ್ಟ ಮೇಲೂ, ನುಂಗಿ ನೀರು ಕುಡಿದ ಮೇಲೂ ನನ್ನ ಮುಖ ನೋಡಿ ಕೇಳುತ್ತಾಳೆ, "ಗುಳಿಗೆ ಬಂದೈತಾ ಸ್ವಾಮಿ?" ಎಂದು. ಬಂದೈತೆ ಎನ್ನುತ್ತೇನೆ. ಮತ್ತೆ ಕೇಳುತ್ತಾಳೆ.

ಈಗ ಟಿಂಚರ್ ಸೀಸೆ ಎತ್ತಿಕೊಂಡರೂ ಪಕ್ಕದವರಿಗೆ ತೋರಿಸಿ, ಇದೇನು ಓದಿ ಎನ್ನುತ್ತೇನೆ. ನನ್ನ ಕಣ್ಣನ್ನು ನಾನು ನಂಬುವುದಿಲ್ಲ. ಭಾವನವರ ಔಷಧಿಯ ವಿಷಯ ಇನ್ನು ಮೇಲೆ ನನ್ನನ್ನು ಕೇಳಬೇಡ.

ವಿರೂಪಾಕ್ಷಪ್ಪ

*

ಚನ್ನಗಿರಿ
11-8-1982

ಅಣ್ಣನಿಗೆ ರುದ್ರಾಣಿಯ ಶರಣು.

ಹೊನ್ನಾಳಿ ಭಾವ ಹೋದಾಗ ಅವರಿಗೆ ನಲವತ್ನಾಲ್ಕು ತುಂಬಿ ಮೂರು ತಿಂಗಳಾಗಿತ್ತು. ಮಾವನವರಿಗೆ ಎರಡು ತಿಂಗಳು. ಮೊನ್ನೆ ಶ್ರಾವಣದ ಸೋಮವಾರಕ್ಕೆ ಇವರು ಇಬ್ಬರನ್ನೂ ದಾಟಿದರು. ಈ ದಿನವನ್ನು ನಾನು ಯಾರಿಗೂ ಹೇಳದೆ ಮನಸ್ಸಿನಲ್ಲೇ ಇಟ್ಟುಕೊಂಡಿದ್ದೆ. ಅತ್ತೆಯೂ ಇಟ್ಟುಕೊಂಡಿದ್ದರು. ಬೆಳಿಗ್ಗೆ ಇವರು ಪೂಜೆಗೆ ಕೂತಾಗ ಅತ್ತೆ ಒಂದು ಬಾಗಿಲಲ್ಲಿ ನಿಂತಿದ್ದರು, ನಾನು ಇನ್ನೊಂದು ಬಾಗಿಲಲ್ಲಿ. ಇವರು ಮಣೆಯಿಂದ ಎದ್ದು, "ಏನ್ರಿ ಇಬ್ರೂ, ನನ್ನ ಮುಖದಾಗೆ ಸಿನಿಮಾ ಐತಾ?" ಎಂದರು. ಅತ್ತೆ ಆ ಮಣೆಯನ್ನು ತೊಳೆದು ಬಿಸಿಲಿಗೆ ಇಟ್ಟರು.

ಹೋದ ವಾರದ ಪರೀಕ್ಷೆಯಲ್ಲಿ ಇನ್ನೂರ ತೊಂಬತ್ತು ಬಂತು. ಇನ್ನೂ ಇಳಿಯಬೇಕು, ಆದರೆ ದಾರಿ ಸರಿಯಾಗಿದೆ ಎಂದರು ಡಾಕ್ಟರು. ಈ ಮಾತ್ರೆಗೆ ಲಿವರನ್ನೂ ಆಗಾಗ ನೋಡುತ್ತಿರಬೇಕಂತೆ. ಭಯಕ್ಕೆ ಮುಂದಿನ ಊರೂ ತೋರಿಸಿದ್ದಾರೆ.

ಈಗ ಈ ಕಾಗದ ಬರೆಯಲು ಕಾರಣ ಹೇಳುತ್ತೇನೆ. ನಿನ್ನೆ ಹಳೇ ಸೀಸೆ ಮುಗಿದು ಹೊಸದು ತಂದರು. ಇವತ್ತು ರೊಟ್ಟಿ ತಿಂದು ಅದರಿಂದ ನುಂಗಿದರು. ನಾನು ಎದುರಿಗೆ ಕೂತೆ. ಕಾಲು ಗಂಟೆ ಆಯಿತು. ಅರ್ಧ ಗಂಟೆ ಆಯಿತು. ಕೆಂಪಾಗಲಿಲ್ಲ. ಕಿವಿಯೂ ಕೆಂಪಾಗಲಿಲ್ಲ. ದಿನ ಕಳೆದ ಹಾಗೆ ಮೈಗೆ ಒಗ್ಗಿ ಕೆಂಪು ಕಮ್ಮಿಯಾಗುತ್ತದೆ ಎಂದು ಡಾಕ್ಟರು ಮೊದಲೇ ಹೇಳಿದ್ದಾರೆ. ತಿಂಗಳಿಂದ ಕಮ್ಮಿಯಾಗುತ್ತಲೂ ಇತ್ತು. ಎಲ್ಲ ಗೊತ್ತಿದೆ. ಆದರೂ ಆ ತಣ್ಣಗಿನ ಮುಖ ನೋಡಿ ನನ್ನ ಜೀವ ಬಾಯಿಗೆ ಬಂತು. ಒಂಬತ್ತು ತಿಂಗಳ ಹಿಂದೆ ಯಾವ ಕೆಂಪು ಕಂಡು ನಿನಗೆ ಕಾಗದ ಬರೆದೆನೋ, ಇವತ್ತು ಅದೇ ಕೆಂಪು ಬಾ ಎಂದು ಶಿವನನ್ನು ಕೇಳಿಕೊಂಡೆ.

ಇವರು ಮುಂದಿನ ಕೋಣೆಗೆ ಹೋಗಿ ಟೈಪು ಮಾಡುತ್ತಿದ್ದಾರೆ. ಸದ್ದು ಕೇಳುತ್ತಿದೆ. ನಾನು ಸೀಸೆಯನ್ನು ಕಿಟಕಿಯ ಬೆಳಕಿಗೆ ಹಿಡಿದು, ನೀನು ಚಿಕ್ಕಂದಿನಲ್ಲಿ ಹಲಗೆಯ ಮೇಲೆ ಕಲಿಸಿದ ಇಂಗ್ಲಿಷ್ ಅಕ್ಷರಗಳನ್ನು ಒಂದೊಂದಾಗಿ ಓದಿದೆ. ಸರಿಯಾಗಿದೆ ಎಂದು ಕಾಣುತ್ತದೆ. ಅಂಗಡಿಯವನೂ ಸರಿ ಎಂದ. ಇವರೂ ಸರಿ ಎಂದರು. ನನಗೆ ಸಮಾಧಾನವಿಲ್ಲ.

ಕೇಳಬೇಡ ಎಂದು ನೀನು ಬರೆದಿದ್ದೆ. ಕೇಳುತ್ತಿದ್ದೇನೆ. ಸೀಸೆಯ ಮೇಲಿನ ಚೀಟಿಯನ್ನು ಆವಿಗೆ ಹಿಡಿದು ಬಿಡಿಸಿ ಈ ಲಕೋಟೆಯಲ್ಲಿಟ್ಟಿದ್ದೇನೆ. ಪಕ್ಕದವರಿಗೆ ತೋರಿಸಬೇಡ, ನೀನೇ ಓದು. ಒಂದು ಸಲ ಅಲ್ಲ, ಎರಡು ಸಲ ಓದು. ಓದಿ ಕೂಡಲೇ ಬರೆ.

ಉತ್ತರ ಬರುವವರೆಗೂ ದಿನಾ ರೊಟ್ಟಿ ಆದ ಮೇಲೆ ಎದುರಿಗೆ ಕೂತಿರುತ್ತೇನೆ.

ನಿನ್ನ ತಂಗಿ
ರುದ್ರಾಣಿ